ಬದುವಿನಾಚೆಯ ದೇವೀರಕ್ಕ

ದೇವೀರಕ್ಕ ತನ್ನ ಪಾತಿಯ ಮೊದಲ ಬದನೆಕಾಯಿ ಕಿತ್ತ ದಿನ ಅದನ್ನು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ನಮ್ಮ ಸಾಲಿನ ಪ್ರತಿ ಮನೆಯ ಬಾಗಿಲಿಗೂ ಬರುತ್ತಿದ್ದಳು. ಕೊಡುವುದಕ್ಕಲ್ಲ, ತೋರಿಸುವುದಕ್ಕೆ. ಬಾಣಂತಿ ಮಗುವನ್ನು ತೋರಿಸುವ ಹಾಗೆ ತಟ್ಟೆಯನ್ನು ಕೊಂಚ ಮುಂದೆ ಚಾಚುವಳು. ನಾವು ‘ಎಷ್ಟು ಚೆನ್ನಾಗಿದೆ’ ಎಂದ ಮೇಲೆ ಹಿಂದಕ್ಕೆ ಎಳೆದುಕೊಂಡು ಮುಂದಿನ ಮನೆಗೆ ನಡೆಯುವಳು. ಸಾರು ಮಾತ್ರ ಅವರ ಮನೆಯಲ್ಲೇ ಆಗುತ್ತಿತ್ತು. ನನ್ನ ಬಾಗಿಲಲ್ಲಿ ಆಕೆ ಬೇರೆಯವರ ಬಾಗಿಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಆಕೆಯ ಪಾತಿಗೆ ಅಂಟಿಕೊಂಡಿದ್ದ ಪಾತಿ ನನ್ನದು.

ನಮ್ಮ ಯಜಮಾನರು ಗೊರೂರಿನ ಅಣೆಕಟ್ಟಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಕಾಲ ಅದು. ಕ್ವಾರ್ಟರ್ಸಿನ ಹಿಂದೆ ನಾಲೆಯ ಏರಿಯವರೆಗೂ ಖಾಲಿ ಜಾಗವಿತ್ತು. ಅದನ್ನು ಮನೆಗೊಂದು ತುಂಡಿನಂತೆ ಹಂಚಿಕೊಂಡು, ನಡುನಡುವೆ ಬದು ಕಟ್ಟಿಕೊಂಡು, ಸೊಪ್ಪು ತರಕಾರಿ ಬೆಳೆದುಕೊಳ್ಳುತ್ತಿದ್ದೆವು. ನಾನೂ ಅರಕಲಗೂಡು ಕಡೆಯ ಒಕ್ಕಲು ಮನೆಯ ಮಗಳೇ. ಬೆಳಗಿನ ಕಾಫಿ ಕುಡಿದು ಗುದ್ದಲಿ ಹಿಡಿದು ಹಿಂದಕ್ಕೆ ಹೋದರೆ ಮನೆಯ ರಗಳೆಯೆಲ್ಲ ಮರೆತುಹೋಗುತ್ತಿತ್ತು. ಕೊತ್ತಂಬರಿ ಮೊಳಕೆ ತಲೆಯ ಮೇಲಿನ ಮಣ್ಣನ್ನು ಎತ್ತಿಕೊಂಡು ಮೇಲೆ ಬರುವುದು, ಸಂಜೆಗೆ ಅರಳುವ ಹೀರೆಯ ಹಳದಿ ಹೂವು, ಮೂಲಂಗಿ ಕಿತ್ತ ಮೇಲೆ ಕೈಯಲ್ಲಿ ಉಳಿಯುವ ವಾಸನೆ, ಇವೆಲ್ಲ ನನಗೆ ದೊಡ್ಡ ಸುಖ. ಆದರೆ ಬದುವಿನಾಚೆ ಕಣ್ಣು ಹೋಗುವವರೆಗೆ ಮಾತ್ರ. ಆಚೆ ದೇವೀರಕ್ಕನ ಸೇವಂತಿಗೆ ಕಣ್ಣಿಗೆ ಹೊಡೆಯುವಂತೆ ನಿಂತಿರುತ್ತಿತ್ತು. ಒಮ್ಮೆ, ಒಂದೇ ಒಂದು ಸಲ, ಇವಳಿಗಿಂತ ಚೆನ್ನಾಗಿ ಬೆಳೆಯಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಆಕೆ ಹಳೇಕೋಟೆಯವಳು. ಎತ್ತರದ ಆಳು, ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು, ಎತ್ತಿ ಸಿಕ್ಕಿಸಿದ ನೆರಿಗೆ. ಗಂಡ ಅದೇ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ಆತ ಆಫೀಸಿನಲ್ಲಿ ಯಾರನ್ನೂ ಗದರಿದ್ದು ಕಾಣೆ. ಆ ಲೆಕ್ಕವನ್ನೆಲ್ಲ ಈಕೆ ಗಿಡಗಳ ಮೇಲೆ ತೀರಿಸುತ್ತಿದ್ದಳು. ಕಾಯಿ ಬಿಡದ ಮೆಣಸಿನ ಗಿಡದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, “ಉಂಡಿದ್ದೆಲ್ಲ ಎಲ್ಗೆ ಓಯ್ತದೆ ನಿಂಗೆ? ಬರೋ ವಾರ ಕಿತ್ತಾಕ್ತೀನಿ ನೋಡ್ಕ” ಅನ್ನುತ್ತಿದ್ದಳು. ಆ ಗಿಡ ಹೆದರಿಯೋ ಏನೋ ಕಾಯಿ ಬಿಡುತ್ತಿತ್ತು. ನಾನೂ ಯಾರೂ ಇಲ್ಲದ ಹೊತ್ತು ನೋಡಿ ನನ್ನ ಗಿಡಕ್ಕೆ ಗದರಿ ನೋಡಿದೆ, ಅದು ಜಪ್ಪಯ್ಯ ಅನ್ನಲಿಲ್ಲ.

ಒಂದು ಸಲ ನಾಚಿಕೆ ಬಿಟ್ಟು ಆಕೆಯ ಸೇವಂತಿಗೆಯ ಒಂದು ಸಸಿ ಕೇಳಿದೆ. “ಕೇಳಿ ತಗಂಡ ಗಿಡ ಬದುಕಾಕಿಲ್ಲ ಕಣೆ ಜಯಾ. ನಾನು ಒಳಕ್ಕೋಗಿ ಟೀ ಮಡಗ್ತೀನಿ, ಕದ್ಕಂಡೋಗು” ಎಂದು ಹೇಳಿ ನಿಜವಾಗಿಯೂ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಕದ್ದ ಗಿಡ ಚೆನ್ನಾಗಿ ಹತ್ತುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರೂ ನಂಬುವ ಮಾತೇ. ಆದರೆ ಇವಳು ಅಪ್ಪಣೆ ಕೊಟ್ಟು ನಾನು ಕದಿಯುವುದೇ? ಬದುವಿನ ಮೇಲೆ ಸುಮ್ಮನೆ ನಿಂತೆ. ಆಕೆ ಬಂದು ಸಸಿಗಳು ಇದ್ದಲ್ಲೇ ಇರುವುದನ್ನು ಕಂಡು, “ಕಳ್ತನಕ್ಕೂ ನಿಂಗೆ ಬಿಂಕ” ಎಂದು ನಕ್ಕಳು.

ಆ ಸಿಟ್ಟಿಗೇ ಇರಬೇಕು, ನಲ್ಲಿಯ ಹತ್ತಿರ ನಾಲ್ಕು ಜನ ಹೆಂಗಸರ ಮುಂದೆ ನಾನು ಅಂದುಬಿಟ್ಟೆ: ಅವಳ ಕೈಗುಣ ಏನೂ ಇಲ್ಲ, ಎಲ್ಲ ಮಣ್ಣಿನ ಗುಣ, ಆ ಜಾಗಕ್ಕೆ ನಾಲೆಯ ಜಿನುಗು ಬೇರೆ, ಅಲ್ಲಿ ಕಲ್ಲು ನೆಟ್ಟರೂ ಚಿಗುರುತ್ತದೆ. ಮಾತಿಗೆ ಕಾಲು ಬರುವುದಕ್ಕೆ ಎಷ್ಟು ಹೊತ್ತು? ಮಾರನೆಯ ಬೆಳಗ್ಗೆ ದೇವೀರಕ್ಕ ಬದುವಿನ ಮೇಲೆ ನಿಂತಿದ್ದಳು. ಮುಖದಲ್ಲಿ ಕೋಪವೇನೂ ಇರಲಿಲ್ಲ.

“ಮಣ್ಣಿನ್ ಗುಣ ಅಂದ್ಯಂತೆ. ಆಯ್ತು, ನನ್ ಪಾತಿ ನೀ ಮಾಡು, ನಿನ್ ಪಾತಿ ನಾ ಮಾಡ್ತೀನಿ” ಎಂದಳು.

ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಆ ಮಣ್ಣಿನ ಮೇಲೆ ನನಗೆ ಅಷ್ಟು ಆಸೆಯಿತ್ತು. ಆ ವರ್ಷ ನನ್ನ ಬದನೆ ಹೇಗೆ ಬಂತು ಅಂತೀರಿ, ಗಿಡ ಬಾಗಿ ನೆಲ ಮುಟ್ಟುವಷ್ಟು. ಆಕೆ ನನ್ನ ಹಳೇ ಪಾತಿಯಲ್ಲಿ ಬರೀ ಹುರುಳಿ ಚೆಲ್ಲಿ, ಹೂ ಬರುವ ಹೊತ್ತಿಗೆ ಅದನ್ನೂ ಕೊಚ್ಚಿ ಮಣ್ಣಿಗೆ ಸೇರಿಸಿ ಸುಮ್ಮನಾಗಿದ್ದಳು. ಸೋತಳು ಎಂದುಕೊಂಡೆ. ಮೊದಲ ಕಾಯನ್ನು ತಟ್ಟೆಯಲ್ಲಿಟ್ಟುಕೊಂಡು ನಾನೂ ಸಾಲು ಮನೆ ಸುತ್ತಿದೆ. ಆಕೆ ಬಾಗಿಲಲ್ಲೇ ಅದನ್ನು ಎತ್ತಿ, ತಿರುಗಿಸಿ ನೋಡಿ, ತಟ್ಟೆಗೆ ವಾಪಸು ಇಟ್ಟಳು. “ಚೆನ್ನಾಗದೆ. ನನ್ ಗೊಬ್ರ” ಎಂದಳು. ಅಷ್ಟೇ.

ಮುಂದಿನ ವರ್ಷ ಗೌರಿ ಹಬ್ಬದ ಹೊತ್ತಿಗೆ ನನ್ನ ಹೊಸ ಪಾತಿ ಹಳೆಯದರ ಹಾಗೆಯೇ ಆಗಿತ್ತು. ಮೊಗ್ಗಿಗೆಲ್ಲ ಹೇನು, ಕಾಯಿಗೆಲ್ಲ ಹುಳ. ಬದುವಿನಾಚೆ, ನಾನು ಶಪಿಸಿ ಬಿಟ್ಟ ನೆಲದಲ್ಲಿ, ಅದೇ ಸೇವಂತಿಗೆ. ನೋಡಲು ಬರುವ ಹೆಂಗಸರು ಕೂಡ ಬದುವಿನ ಆ ಮಗ್ಗುಲಿಗೆ ತಿರುಗಿಕೊಂಡರು. ಮಣ್ಣು ಎನ್ನುವ ಒಂದು ನೆಪವಿತ್ತು, ಅದನ್ನೂ ಕಿತ್ತುಕೊಂಡಳಲ್ಲ ಎಂದು ಆ ದಿನ ಊಟ ಸೇರಲಿಲ್ಲ. ಹಬ್ಬದ ಬೆಳಗ್ಗೆ ಎಲ್ಲ ಮನೆಗೂ ಒಂದೊಂದು ಮೊಳ ಹೂ ಬಂತು. ನನಗೆ ಮಾತ್ರ ಒಂದು ಮಾರು. ಪ್ರೀತಿಗೋ ಉರಿಸುವುದಕ್ಕೋ ತಿಳಿಯಲಿಲ್ಲ. ಮುಡಿದುಕೊಂಡೆ. ಘಮ್ಮೆನ್ನುತ್ತಿತ್ತು, ಅದು ಇನ್ನೂ ಉರಿ.

ಗಂಡ ರಿಟೈರಾದ ಮೇಲೆ ಅವರು ಚನ್ನರಾಯಪಟ್ಟಣಕ್ಕೆ ಮಗಳ ಮನೆಗೆ ಹೋದರು. ಇನ್ನು ನೆಮ್ಮದಿ ಎಂದುಕೊಂಡರೆ, ದಿನಾ ಬೆಳಗ್ಗೆ ಮೊಬೈಲಿನಲ್ಲಿ ಆಕೆಯ ಸ್ಟೇಟಸ್ಸು. ತಾರಸಿಯ ಮೇಲೆ ಪೇಂಟಿನ ಬಕೆಟ್ಟುಗಳಲ್ಲಿ ಟೊಮೇಟೊ, ಕನಕಾಂಬರ, ಸೇವಂತಿಗೆ. ಹಲ್ಲುಜ್ಜುವ ಮೊದಲೇ ಅದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವುದು ನನ್ನ ದಿನಚರಿಯಾಯಿತು. ಕಳೆದ ವರ್ಷ ಒಂದು ದಿನ ಅದು ನಿಂತುಹೋಯಿತು. ವಿಚಾರಿಸಿದರೆ, ಜಾರಿಬಿದ್ದು ಸೊಂಟದ ಮೂಳೆ ಮುರಿದಿದೆ, ಏಳುವ ಹಾಗಿಲ್ಲ ಎಂದರು. ಬಸ್ಸು ಹತ್ತಿದೆ.

ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ಆವತ್ತೇ. ಅಷ್ಟೆತ್ತರದ ಹೆಂಗಸು ಮಂಚದಲ್ಲಿ ಅರ್ಧವಾಗಿದ್ದಳು. ನನ್ನ ಕುಶಲವನ್ನೂ ಕೇಳದೆ, ಮೇಲೆ ಹೋಗಿ ಸೇವಂತಿಗೆ ನೋಡಿಕೊಂಡು ಬಾ ಎಂದಳು.

“ಅಳಿಯ ದಿನಾ ಎರಡೊತ್ತು ನೀರುಯ್ತಾನೆ, ಚೆನ್ನಾಗವೆ ಅತ್ತೆ ಅಂತಾನೆ. ಅವುನ್ಗೇನು ಗೊತ್ತು? ನಿನ್ ಮುಖ ನೋಡುದ್ರೆ ನಂಗೆ ತಿಳೀತದೆ. ನಿನ್ನೊಟ್ಟೆ ಎಷ್ಟು ಉರೀತದೋ ನನ್ ಗಿಡ ಅಷ್ಟು ಚೆನ್ನಾಗವೆ ಅಂತ.”

ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡವಳು ನಾನೊಬ್ಬಳೇ! ಮುಖ ಬಿಸಿಯಾಗಿ ಮೆಟ್ಟಿಲು ಹತ್ತಿದೆ.

ಮೇಲೆ ಬಕೆಟ್ಟುಗಳಲ್ಲಿ ನೀರು ಅಂಚಿನವರೆಗೆ ನಿಂತಿತ್ತು. ಕಾಂಡಗಳು ಕಪ್ಪಾಗಿ, ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಒಂದು ಗಿಡ ಮುಟ್ಟಿದರೆ ಬುಡವೇ ಕೈಗೆ ಬಂತು, ನಾತ. ಪಾಪ, ಅಳಿಯ ಭಕ್ತಿಯಿಂದ ಹೊಯ್ದೂ ಹೊಯ್ದೂ ಕೊಳೆಸಿದ್ದ.

ಇಳಿಯುವಾಗ ಮೆಟ್ಟಿಲ ಮೇಲೆ ನಿಂತೆ. ಹೇಗಾದರೂ ಮುಖಕ್ಕೆ ಆ ಹಳೇ ಉರಿ ತಂದುಕೊಳ್ಳಬೇಕಾಗಿತ್ತು. ನಲ್ಲಿಯ ಮಾತು ನೆನೆದೆ, ಆ ಮಾರು ಹೂವನ್ನು ನೆನೆದೆ. ಕರೆಯದೆ ಬರುತ್ತಿದ್ದ ಹೊಟ್ಟೆಕಿಚ್ಚು ಆವತ್ತು ಕರೆದರೂ ಬರಲಿಲ್ಲ. ಕೆಳಗೆ ಬಂದು, “ನೋಡಕ್ಕಾಗ್ಲಿಲ್ಲ ಕಣಕ್ಕ, ಒಟ್ಟೆ ಉರಿದೋಯ್ತು” ಎಂದೆ.

ದೇವೀರಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

“ಕೊಳ್ತೋದ್ವಾ?” ಎಂದಳು.

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಅಳಿಯ ಕಾಫಿ ಹಿಡಿದುಕೊಂಡು ಒಳಗೆ ಬಂದು, ಗಿಡ ಹೇಗಿವೆ ಎಂದು ನನ್ನನ್ನು ಕೇಳಿದ. ಆತನ ಅಂಗಿಯ ತೋಳು ಇನ್ನೂ ಒದ್ದೆಯಿತ್ತು. ನಾನು ಬಾಯಿ ತೆರೆಯುವ ಮೊದಲೇ ದೇವೀರಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಒಟ್ಟೆ ಉರ್ಕಂಡ್ ಬಂದವ್ಳೆ, ನೋಡಪ್ಪ ಇವಳ ಮುಖವ” ಎಂದಳು.