ಬಾಜೂ ಮನೆಯ ನೀರು

ನಮ್ಮಪ್ಪ ರಾಣೇಬೆನ್ನೂರಿನ ನಮ್ಮ ಮನೆಗೆ ಬರುವಾಗ ಕುಡಿಯುವ ನೀರನ್ನು ಬ್ಯಾಡಗಿಯಿಂದಲೇ ತರುತ್ತಿದ್ದರು. ನಮ್ಮ ಊರಲ್ಲಿ ನೀರಿರಲಿಲ್ಲ ಅಂತಲ್ಲ. ನಮ್ಮ ಓಣಿಯ ನಳ ದಿನ ಬಿಟ್ಟು ದಿನವಾದರೂ ತಪ್ಪದೆ ಬರುತ್ತಿತ್ತು. ಆದರೆ ನನ್ನ ಮನೆಯ ನೀರು ಮುಟ್ಟುವುದಿಲ್ಲ ಎಂದು ಅವರು ಆಣೆ ಮಾಡಿದ್ದರು. ನಾನಾಗಿ ಕರೆದು ಕೊಡುವುದಿಲ್ಲ ಎಂದು ನಾನೂ ಆಣೆ ಮಾಡಿದ್ದೆ. ಇಬ್ಬರೂ ಒಂದೇ ದಿನ, ಒಂದೇ ಉಸಿರಿಗೆ ಮಾಡಿದ ಆಣೆಗಳು ಅವು.

ಹಾವೇರಿ ಜಿಲ್ಲೆಯಾಗಿ ಇನ್ನೂ ಬಹಳ ವರ್ಷ ಆಗಿರಲಿಲ್ಲ. ನನ್ನ ಮಗಳು ಆಗಷ್ಟೇ ಪಿಯುಸಿ ಪಾಸಾಗಿದ್ದಳು. ಅಪ್ಪನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಅವರ ಅಂಗಿ ಒಗೆದು ಹಾಕಿದರೂ ಘಾಟು ಹೋಗುತ್ತಿರಲಿಲ್ಲ. ಅವರು ಬಂದು ಕೂತರೆ ಮನೆಯಲ್ಲಿ ಯಾರಾದರೊಬ್ಬರು ಸೀನಲೇಬೇಕು. ಆ ಪೇಟೆಯಲ್ಲಿ ಮನುಷ್ಯನಿಗೆ ಬೆಲೆ ಬರುವುದು ಅವನ ಮಾತಿನಿಂದ. ಬೆಳಿಗ್ಗೆ ಒಂದು ದರ ಹೇಳಿ ಮಧ್ಯಾಹ್ನ ಇನ್ನೊಂದು ಹೇಳಿದವನ ಅಂಗಡಿಯಲ್ಲಿ ರೈತರು ಮತ್ತೆ ಚೀಲ ಇಳಿಸುವುದಿಲ್ಲ. ಅಂಥ ಅಪ್ಪ ಒಂದು ದಿನ ಬಂದು, ಕೈತೊಳೆದು ಊಟಕ್ಕೆ ಕೂತು, ಮೊಮ್ಮಗಳಿಗೆ ವರ ಗೊತ್ತುಮಾಡಿದ್ದೇನೆ ಎಂದರು. ಪೇಟೆಯ ಗೆಳೆಯರೊಬ್ಬರ ಮಗನಂತೆ.

"ಮಾತು ಕೊಟ್ಟು ಬಂದೇನಿ," ಅಂದರು.

"ಯಾರನ್ನ ಕೇಳಿ ಕೊಟ್ರಿ? ಆಕಿ ಇನ್ನೂ ಓದಾಕಿ ಅದಾಳ," ಅಂದೆ ನಾನು.

"ನನ್ನ ಮೊಮ್ಮಗಳಿಗೆ ಗಂಡು ನೋಡಾಕ ನಾ ಯಾರನ್ನ ಕೇಳಬೇಕ?"

"ಹಂಗಾರ ಹೋಗಿ ಮಾತು ವಾಪಸ್ ತಗೊಂಡು ಬರ್ರಿ."

ನನ್ನ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡುತ್ತಲೇ ಇದ್ದರು. ನಾನು ನೋಡಿಯೂ ನೋಡದವಳ ಹಾಗೆ ರೊಟ್ಟಿ ಬಡಿಸುತ್ತಿದ್ದೆ. ಮೂಗಿನ ತುದಿಯ ಸಿಟ್ಟು ನಮ್ಮ ಮನೆತನದ್ದು. ಅಪ್ಪನಿಂದ ನನಗೆ ಬೇರೇನು ಬಂತೋ ಇಲ್ಲವೋ, ಅದೊಂದು ಮಾತ್ರ ಪೂರ್ತಿ ಬಂದಿದೆ. ಅಪ್ಪ ತಟ್ಟೆ ಸರಿಸಿ ಎದ್ದರು. ಕೈಗೆ ಹಾಕಿಕೊಂಡ ನೀರು ಇನ್ನೂ ಆರಿರಲಿಲ್ಲ.

"ಇವತ್ತಿನಿಂದ ಈ ಮನೀದು ಒಂದು ಹನಿ ನೀರು ಮುಟ್ಟಂಗಿಲ್ಲ ನಾನು. ಆಣೆ ಐತಿ."

"ಬ್ಯಾಡ ಬಿಡ್ರಿ. ನಾನೂ ಕರದು ಕೊಡಂಗಿಲ್ಲ. ನನ್ನದೂ ಆಣೆ ಐತಿ."

ಅವರು ಹೋದ ಮೇಲೆ ಬಡಿಸಿದ್ದ ಎಣ್ಣೆಗಾಯಿ, ರೊಟ್ಟಿ ಎಲ್ಲವೂ ಹಾಗೆಯೇ ಉಳಿದವು. ನಾನು ಒಬ್ಬಳೇ ಕೂತು, ಹಸಿವಿಲ್ಲದಿದ್ದರೂ ಹಟಕ್ಕೆ ಉಂಡೆ. ಈ ಸಿಟ್ಟು ಸಾಯುವ ತನಕ ಇಳಿಯುವುದಿಲ್ಲ ಎಂಬುದರಲ್ಲಿ ನನಗೆ ಅವತ್ತು ಎಳ್ಳಷ್ಟೂ ಅನುಮಾನವಿರಲಿಲ್ಲ. ನನ್ನ ಬಣ್ಣ, ನನ್ನ ಎತ್ತರದ ಹಾಗೆ ಅದೂ ನನ್ನ ಜೊತೆಗೇ ಇರುವಂಥದ್ದು ಅಂದುಕೊಂಡಿದ್ದೆ. ಅಪ್ಪನೂ ಬಸ್ಸಿನಲ್ಲಿ ಕೂತು ಹಾಗೆಯೇ ಅಂದುಕೊಂಡಿರಬೇಕು.

ಆ ಸಿಟ್ಟು ಒಂದು ವರ್ಷವೂ ಬಾಳಲಿಲ್ಲ.

ದೀಪಾವಳಿ ಕಳೆದ ಮೇಲೆ, ಪೇಟೆಗೆ ಸೂಟಿ ಇದ್ದ ಒಂದು ದಿನ, ಅಪ್ಪ ಕೈಚೀಲ ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದರು. ನಾನು ಅಂಗಳ ಗುಡಿಸುತ್ತಿದ್ದವಳು ಕಸಬರಿಗೆ ಹಿಡಿದುಕೊಂಡೇ ನಿಂತೆ.

"ಬರಂಗಿಲ್ಲ ಅಂತ ನಾ ಅಂದಿಲ್ಲ," ಅಂದರು ಅಪ್ಪ. "ನೀರು ಮುಟ್ಟಂಗಿಲ್ಲ ಅಂದೇನಿ. ಅದರ ಬಂದೋಬಸ್ತು ಮಾಡ್ಕೊಂಡ ಬಂದೇನಿ."

ಕೈಚೀಲದಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ನೀರು, ಬಸ್‌ ಸ್ಟ್ಯಾಂಡಿನಲ್ಲಿ ಕಟ್ಟಿಸಿಕೊಂಡ ಮಂಡಕ್ಕಿ, ಮಿರ್ಚಿ. ಕಟ್ಟೆಯ ಮೇಲೆ ಕೂತು ಅದನ್ನು ತಿಂದು, ತಮ್ಮ ನೀರು ಕುಡಿದು, ಮೊಮ್ಮಗಳ ಕಾಲೇಜಿನ ಸುದ್ದಿ ಕೇಳಿ, ಸಂಜೆಯ ಬಸ್ಸಿಗೆ ಹೋದರು. ಹೋಗುವಾಗ, "ಓದಲಿ ಬಿಡು, ಶಾಣ್ಯಾಕಿ ಅದಾಳ," ಅಂದರು. ಅಷ್ಟಕ್ಕೆ ಜಗಳದ ಬೇರೇ ಕಿತ್ತುಹೋಗಿತ್ತು. ಮುಂದೆ ಆ ವರನಿಗೆ ಹಲಗೇರಿಯ ಹುಡುಗಿಯ ಜೊತೆ ಲಗ್ನವಾಯಿತು. ಅಪ್ಪ ಅಲ್ಲಿ ಉಂಡು ನೇರ ನಮ್ಮ ಮನೆಗೇ ಬಂದು, ಬುಂದೆ ಲಾಡು ಬಹಳ ಚೆನ್ನಾಗಿತ್ತು ಎಂದು ವರ್ಣಿಸಿದರು. ಕುಡಿದದ್ದು ಮಾತ್ರ ತಮ್ಮ ಬಾಟಲಿಯ ನೀರನ್ನೇ.

ಅವರು ಯಾಕೆ ಆಣೆ ಬಿಡಲಿಲ್ಲ ಎಂಬುದು ನನಗೆ ಅರ್ಥವಾಗುತ್ತಿತ್ತು. ಪೇಟೆಯಲ್ಲಿ ಕೊಟ್ಟ ಒಂದು ಮಾತನ್ನು ನನ್ನ ದೆಸೆಯಿಂದ ಅವರು ವಾಪಸ್ ತೆಗೆದುಕೊಂಡಿದ್ದರು. ಗೆಳೆಯರ ಎದುರು ಹೋಗಿ ಅವರು ಹೇಗೆ ನಿಂತರೋ, ಏನು ಹೇಳಿದರೋ, ಒಮ್ಮೆಯೂ ನನ್ನ ಮುಂದೆ ಆಡಲಿಲ್ಲ. ಎರಡನೆಯ ಮಾತನ್ನೂ ತಾವಾಗಿ ಮುರಿಯುವುದು ಅವರ ಕೈಯಲ್ಲಿ ಆಗುವಂಥದ್ದಲ್ಲ. ನಾನು ಒಂದು ಲೋಟ ಮುಂದಿಟ್ಟು "ಕುಡೀರಿ" ಅಂದಿದ್ದರೆ ಅವರಿಗೆ ದಾರಿಯಾಗುತ್ತಿತ್ತು. ಅಷ್ಟು ಸುಲಭದ ಕೆಲಸ ಅದು. ಆದರೆ ಅವರು ಗೇಟು ತೆಗೆದು ಬಂದು ಬಾಟಲಿ ಹೊರಗಿಟ್ಟ ಕೂಡಲೇ ನಾನು ಏನೋ ಕೆಲಸದ ನೆವ ಹಿಡಿದು ಒಳಗೆ ಹೋಗುತ್ತಿದ್ದೆ.

ನಮ್ಮನ್ನು ಉಳಿಸಿದ್ದು ನಮ್ಮ ಗೋಡೆಗೆ ಹೊಂದಿಕೊಂಡಿದ್ದ ಬಾಜೂ ಮನೆಯ ಅಕ್ಕ. ನನಗಿಂತ ಹಿರಿಯರು, ಬಾಯಿ ಜೋರು, ಕರುಳು ಮೆತ್ತಗೆ. ಒಂದು ಬೇಸಿಗೆಯಲ್ಲಿ ಅಪ್ಪ ಬಿಸಿಲಲ್ಲಿ ಕೂತು ಬಿಸಿಯಾದ ಬಾಟಲಿ ನೀರು ಕುಡಿಯುವುದನ್ನು ನೋಡಿ ಅವರಿಗೆ ತಡೆಯಲಿಲ್ಲ.

"ನಮ್ಮ ಮನೀದಾದ್ರೂ ಒಂದ ಕಪ್ ಚಾ ಕುಡೀರಿ ಕಾಕಾರ. ನಮ್ಮ ಮನಿ ಮ್ಯಾಲೇನೂ ಆಣಿ ಇಲ್ಲಲ್ಲ?"

ಅಪ್ಪ ಒಪ್ಪಿದರು. ಮುಂದಿನ ಸಲದಿಂದ ನಾನು ಹಿತ್ತಲಿನ ಗೋಡೆಯ ಮೇಲಿಂದ ಹಾಲು, ಸಕ್ಕರೆ, ಚಹಾಪುಡಿ ದಾಟಿಸಲು ಶುರುಮಾಡಿದೆ. ಆಮೇಲೆ ಚಹಾವನ್ನೇ ಮಾಡಿ ದಾಟಿಸಿದೆ. ಬರುಬರುತ್ತಾ ರೊಟ್ಟಿ, ಪಲ್ಯ, ಹೋಳಿಗೆ ಎಲ್ಲವೂ ನನ್ನ ಒಲೆಯಿಂದ ಇಳಿದು, ಹಿತ್ತಲಿನ ಗೋಡೆ ಹತ್ತಿ, ಅಕ್ಕನ ತಟ್ಟೆಗೆ ಬಿದ್ದು, ಅವರ ಮುಂಬಾಗಿಲಿನಿಂದ ಹೊರಟು ನಮ್ಮ ಗೇಟಿನೊಳಗೆ ಬರತೊಡಗಿದವು. ಅಪ್ಪ ಗಂಭೀರವಾಗಿ ಉಣ್ಣುತ್ತಿದ್ದರು. ನಾನು ಬಾಗಿಲಿಗೆ ಒರಗಿ ಗಂಭೀರವಾಗಿ ನೋಡುತ್ತಿದ್ದೆ.

"ಬಾಜೂ ಮನ್ಯಾಕಿ ಎಣ್ಣಿಗಾಯಿ ಭಾರಿ ಮಾಡ್ತಾಳ," ಅಂದರು ಒಂದು ದಿನ. "ನಿಮ್ಮವ್ವ ಮಾಡಿದಂಗ ಆಗೇತಿ."

ನಮ್ಮವ್ವ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಆ ಮಾತು ಕೇಳಿ ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ಸಪ್ಪಳ ಮಾಡಿದೆ. ಅವರಿಗೆ ಸಕ್ಕರೆ ಕಾಯಿಲೆ ಶುರುವಾದಾಗಲೂ ನನಗೆ ತಿಳಿಸಿದ್ದು ಹೀಗೆಯೇ. "ಚಾಕ್ಕ ಸಕ್ರಿ ಹಾಕಬ್ಯಾಡ ಅಂತ ನಿನ್ನ ಬಾಜೂ ಮನ್ಯಾಕಿಗೆ ಹೇಳು," ಅಂದರು. ಹೇಳುತ್ತೇನೆ ಅಂದೆ. ಅವತ್ತಿನಿಂದ ನಾನು ಸಕ್ಕರೆ ಹಾಕುವುದನ್ನು ಬಿಟ್ಟೆ.

ಇದು ಒಂದೆರಡು ತಿಂಗಳ ಆಟವಲ್ಲ, ವರ್ಷಗಟ್ಟಲೆ ನಡೆಯಿತು. ಓಣಿಯವರಿಗೆಲ್ಲ ಗೊತ್ತಿತ್ತು, ನಗುತ್ತಿದ್ದರು. ನಮಗೂ ಒಳಗೊಳಗೆ ನಗು ಬರುತ್ತಿತ್ತು. ಅದರಲ್ಲಿ ಸುಖವೂ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಮಗಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಬಿ.ಎಡ್. ಮುಗಿಸಿ ಹಾವೇರಿಯ ಶಾಲೆಯೊಂದರಲ್ಲಿ ಟೀಚರಾಗಿದ್ದಳು.

"ಯವ್ವಾ, ಒಂದ ಸಲ ನೀನ ಕರದು ಕೊಟ್ಟು ಬಿಡು. ಅಜ್ಜಗ ವಯಸ್ಸಾತು."

"ಮುಂದಿನ ಸಲ ಕೊಡ್ತೇನಿ," ಅನ್ನುತ್ತಿದ್ದೆ.

ಸುಮ್ಮನೆ ಅಂದದ್ದಲ್ಲ, ಖಂಡಿತ ಕೊಡುತ್ತೇನೆ ಎಂದು ನಂಬಿಯೇ ಅನ್ನುತ್ತಿದ್ದೆ. ಮುಂದೆ ಬರುವ ನಾನು ಈಗಿನ ನನಗಿಂತ ಮೆತ್ತಗಿನವಳು, ದೊಡ್ಡ ಮನಸ್ಸಿನವಳು ಎಂಬ ಭರವಸೆ ನನಗಿತ್ತು. ನಲವತ್ತೈದು ದಾಟಿದರೆ ಹಟ ತಾನಾಗಿ ಇಳಿಯುತ್ತದೆ, ಮಗಳ ಲಗ್ನ ಮಾಡಿ ಅತ್ತೆಯಾದರೆ ನಾಚಿಕೆ ಹೋಗುತ್ತದೆ, ಆ ಮೆತ್ತಗಿನವಳು ಬಂದು ಈ ಲೋಟ ಎತ್ತಿ ಕೊಡುತ್ತಾಳೆ ಎಂದು ಕೆಲಸವನ್ನೆಲ್ಲ ಅವಳ ಪಾಲಿಗೆ ಬಿಟ್ಟು ಕೂತಿದ್ದೆ. ನಲವತ್ತೈದು ದಾಟಿತು. ಮಗಳ ಲಗ್ನವೂ ಆಯಿತು. ಅಕ್ಷತೆ ಹಾಕಿದ ಅಪ್ಪ ಕಲ್ಯಾಣ ಮಂಟಪದ ನೀರು ಕುಡಿದರು, ಅದು ನನ್ನ ಮನೆಯಲ್ಲವಲ್ಲ. ಕನ್ನಡಿ ನೋಡಿದರೆ ಅಲ್ಲಿ ಅದೇ ನಾನು, ತಲೆಯಲ್ಲಿ ನಾಲ್ಕು ಬಿಳಿಕೂದಲು ಹೆಚ್ಚಿಗೆ. ಸಿಟ್ಟು ಹೋಗುವುದಿಲ್ಲ ಅಂದುಕೊಂಡಿದ್ದೆ, ಅದು ಹೇಳದೆ ಕೇಳದೆ ಹೋಗಿತ್ತು. ಬಿಗುಮಾನ ಹೋಗುತ್ತದೆ ಅಂದುಕೊಂಡಿದ್ದೆ, ಅದು ಕದಲಲಿಲ್ಲ. ನನ್ನ ಬಗ್ಗೆಯೇ ನನಗೆ ಒಂದೂ ಸರಿಯಾಗಿ ಗೊತ್ತಿರಲಿಲ್ಲ.

ಆಮೇಲೆ ಅಪ್ಪನಿಗೆ ದಮ್ಮು ಹೆಚ್ಚಾಯಿತು. ಜೀವಮಾನವೆಲ್ಲ ಮೆಣಸಿನಕಾಯಿ ಧೂಳು ಕುಡಿದ ಎದೆ ಅದು. ಒಂದು ಮುಂಜಾನೆ, ಬ್ಯಾಡಗಿಯಲ್ಲಿ ಅಪ್ಪನ ಜೊತೆಗಿದ್ದ ನನ್ನ ಅಣ್ಣ ಮೊಬೈಲಿಗೆ ಫೋನು ಮಾಡಿ, ಅಪ್ಪನನ್ನು ಹಾವೇರಿಯ ದವಾಖಾನೆಗೆ ಸೇರಿಸಿದ್ದೇನೆ ಅಂದ. ಗಂಜಿ ಕಾಸಿ ಡಬ್ಬಿಗೆ ತುಂಬಿ, ದಾರಿಗೆಂದು ಒಂದು ಬಾಟಲಿ ನೀರು ಹಿಡಿದು ಬಸ್ಸು ಹತ್ತಿದೆ.

ಅಪ್ಪ ದಿಂಬಿಗೆ ಒರಗಿ ಕೂತಿದ್ದರು. ಟೋಪಿ ಇಲ್ಲದ ಅವರ ತಲೆಯನ್ನು ನಾನು ನೋಡಿದ್ದೇ ಕಡಿಮೆ. ಯಾರೋ ಬೇರೆಯವರ ಹಾಗೆ ಕಂಡರು. ಅಣ್ಣ ಗುಳಿಗೆ ತರಲು ಕೆಳಗೆ ಹೋದ. ನಾವಿಬ್ಬರೇ ಉಳಿದೆವು.

"ನಿನ್ನ ಬಾಜೂ ಮನ್ಯಾಕಿ ಆರಾಮ ಅದಾಳೇನು?" ಅಂದರು.

"ಕುಪ್ಪೇಲೂರಿಗೆ ಮಗಳ ಬಾಣಂತನಕ್ಕ ಹೋಗ್ಯಾರ್ರಿ. ತಿಂಗಳಾತು, ಮನಿ ಕೀಲಿ ಹಾಕೇತಿ."

"ಹೌದಾ," ಎಂದು ಕಣ್ಣು ಮುಚ್ಚಿದರು.

ಅಣ್ಣ ಗುಳಿಗೆ ತಂದುಕೊಟ್ಟು ಡಾಕ್ಟರನ್ನು ನೋಡಲು ಮತ್ತೆ ಹೋದ. ಅಪ್ಪನ ಬಾಟಲಿಯಲ್ಲಿ ನೀರು ಮುಗಿದಿತ್ತು. ನಾನು ಯೋಚಿಸದೆ ನನ್ನ ಚೀಲದಿಂದ ಬಾಟಲಿ ತೆಗೆದು ಮುಚ್ಚಳ ತಿರುವಿದೆ. ಅಪ್ಪ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು.

"ಯಾರ ಮನಿ ನೀರವ್ವ ಅದು?"

ಗದರಿ ಕೇಳಿದ್ದಲ್ಲ. ಬಹಳ ಮೆತ್ತಗೆ ಕೇಳಿದರು. ಕೇಳಿ ಕಾಯುತ್ತಾ ಕೂತರು. ನನ್ನ ಮನೆಯದು, ಕುಡೀರಿ ಎಂದು ಬಾಯಿಯವರೆಗೆ ಬಂತು. ಇಷ್ಟು ವರ್ಷ ನಾನು ಕಾಯುತ್ತಿದ್ದ ಮುಂದಿನ ಸಲ ಅದೇ ಆಗಿತ್ತು.

"ಬಾಜೂ ಮನೀದ್ರಿ," ಅಂದೆ.

ಅಪ್ಪ ಬಾಟಲಿಗೆ ಕೈ ಚಾಚಿದರು. "ಹಂಗಾರ ಕೊಡು," ಅಂದರು. ಗುಳಿಗೆ ಬಾಯಿಗೆ ಹಾಕಿಕೊಂಡು, ನಡುನಡುವೆ ಉಸಿರು ತೆಗೆದುಕೊಳ್ಳುತ್ತಾ, ಬಾಟಲಿಯ ನೀರನ್ನೆಲ್ಲ ಕುಡಿದರು.

ಸಂಜೆ ವಾಪಸ್ ಬರುವಾಗ, ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತು ಹೊರಟಾಗ ನನಗೆ ಹೊಳೆಯಿತು. ಬಾಜೂ ಮನೆಗೆ ಕೀಲಿ ಹಾಕಿದೆ ಎಂದು ನಾನೇ ಅವರಿಗೆ ಹೇಳಿದ್ದೆ. ಈ ಸಲ ನೆಪಕ್ಕೂ ಅಕ್ಕನ ಬಾಗಿಲು ದಾಟಿರದ ನೀರನ್ನು, ಯಾರ ಮನೆಯದು ಎಂದು ಗೊತ್ತಿದ್ದೇ ಅವರು ಕುಡಿದಿದ್ದರು. ಬೇರೆ ಯಾರಿಗಾಗಿಯೂ ಮಾತು ಮುರಿಯದ ಮನುಷ್ಯ ಮಗಳ ಸಲುವಾಗಿ ಎರಡನೆಯ ಮಾತನ್ನೂ ಮುರಿದಿದ್ದರು. ನನ್ನ ಆಣೆಯನ್ನು ಮಾತ್ರ ನಾನು ಜೋಪಾನವಾಗಿ ಉಳಿಸಿಕೊಂಡಿದ್ದೆ. ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತವರಿಂದ ಬರುತ್ತಿದ್ದೀಯಾ ಎಂದು ಕೇಳಿದಳು, ಹೌದು ಅಂದೆ.

ಅಪ್ಪ ಆ ಸಲ ಚೇತರಿಸಿಕೊಂಡರು. ದವಾಖಾನೆಯಿಂದ ಬ್ಯಾಡಗಿಯ ಮನೆಗೆ ಹೋಗಿ ಇನ್ನೂ ಕೆಲವು ತಿಂಗಳು ಇದ್ದರು. ಬಸ್ಸು ಹತ್ತುವ ಶಕ್ತಿ ಮಾತ್ರ ಮತ್ತೆ ಬರಲಿಲ್ಲ, ನನ್ನ ಮನೆಯ ಕಟ್ಟೆಗೆ ಅವರು ಮತ್ತೆ ಬರಲಿಲ್ಲ. ನಾನೇ ಹೋಗಿ ಬರುತ್ತಿದ್ದೆ. ಅಲ್ಲಿ ನೀರಿನ ಮಾತೇ ಏಳುತ್ತಿರಲಿಲ್ಲ, ಅದು ಅವರ ಮನೆ. ಆದರೂ ಹೇಳಬಹುದಿತ್ತು. ಅವತ್ತಿನ ನೀರು ನನ್ನದು ಅಪ್ಪಾ ಎಂದರೆ ಮುಗಿಯುತ್ತಿತ್ತು. ಹೋದಾಗಲೆಲ್ಲ ಕಾಲು ಒತ್ತಿದೆ, ಉಗುರು ತೆಗೆದೆ, ಪೇಟೆಯ ಸುದ್ದಿ ಕೇಳಿದೆ. ಅದೊಂದನ್ನು ಬಿಟ್ಟು ಎಲ್ಲವನ್ನೂ ಮಾತಾಡಿದೆ.

ಕೊನೆಯ ಸಲ ಹೊರಟು ನಿಂತಾಗ ಅಪ್ಪನೇ ಕೈ ಹಿಡಿದರು.

"ನಿನ್ನ ಬಾಜೂ ಮನ್ಯಾಕಿಗೆ ಹೇಳವ್ವ. ಆಕಿ ನೀರು ಕುಡುದು ನನ್ನ ಹೊಟ್ಟಿ ತಣ್ಣಗಾತು ಅಂತ ಹೇಳು."

"ಹೇಳ್ತೇನ್ರಿ," ಅಂದೆ.

ಆ ವಾರವೇ ಅಪ್ಪ ಹೋದರು. ಮಣ್ಣು ಮುಗಿಸಿ, ದಿನದ ಕಾರ್ಯ ಮುಗಿಸಿ ಮನೆಗೆ ಬಂದ ಮೇಲೆ, ಕುಪ್ಪೇಲೂರಿನಿಂದ ಯಾವಾಗಲೋ ವಾಪಸ್ ಬಂದಿದ್ದ ಅಕ್ಕ ಹಿತ್ತಲಿನ ಗೋಡೆಯ ಹತ್ತಿರ ಬಂದು ನಿಂತರು. ಅಪ್ಪ ಹೇಳಿ ಕಳಿಸಿದ್ದನ್ನು ನಾನು ಹಾಗೆಯೇ ಅವರಿಗೆ ಒಪ್ಪಿಸಿದೆ. ದವಾಖಾನೆಯಲ್ಲಿ ನಡೆದದ್ದನ್ನೂ ಹೇಳಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಮೇಲೆ ರೇಗಿದರು.

"ಇದನ್ನ ನನಗ್ಯಾಕ ಹೇಳ್ತೀ ಯವ್ವಾ? ಅವರು ಯಾರಿಗೆ ಹೇಳಿದ್ರು ಅನ್ನೂದು ನಿನಗ ತಿಳೀಲಿಲ್ಲೇನು?"

ತಿಳಿದಿತ್ತು. ಅವರು ನನ್ನ ಕೈ ಹಿಡಿದುಕೊಂಡಿದ್ದಾಗಲೇ ತಿಳಿದಿತ್ತು. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡು ಬಸ್ಸಿಗೆ ಹೊರಟಿದ್ದೆ.