ಆಚೆ ದಡದ ಕುರ್ಚಿ

ಹೋದ ವಾರ ಗ್ಯಾರೇಜು ಚೊಕ್ಕ ಮಾಡುವಾಗ ಒಂದು ಪ್ಲಾಸ್ಟಿಕ್ ಚೀಲದಿಂದ ಕಂದು ಬಣ್ಣದ ಜಾಕೆಟ್ಟು ಹೊರಬಂತು. ಮೂಗಿನ ಹತ್ತಿರ ಹಿಡಿದೆ. ನಿಂತ ನೀರು, ಪಾಚಿ, ಸ್ವಲ್ಪ ಉಪ್ಪು, ಎಲ್ಲೋ ತಳದಲ್ಲಿ ನುಸಿಗುಳಿಗೆ... ಕೊಟ್ಟವರು ಆಚೆ ದಡದ ವೈನಿ. ಜಾಕೆಟ್ಟು ಅವರ ಯಜಮಾನರದು. ಅದನ್ನು ತೊಟ್ಟು ಕುರ್ಚಿಯಲ್ಲಿ ಕೂತವರಿಗೆ ನಾನು ಎರಡು ವರ್ಷ ದಿನಾ ಸಂಜೆ ಕೈ ಬೀಸಿದ್ದೇನೆ. ಬೀಸಿದ್ದು ಯಾರಿಗೆ ಎಂದು ಕೇಳಿದರೆ ಮಾತ್ರ ನನ್ನ ತಲೆ ಇವತ್ತಿಗೂ ಗೊಂದಲದ ಗೂಡು.

ಪರದೇಶದ ಈ ನಮ್ಮ ಫಾಸ್ಟರ್ ಸಿಟಿಯ ಬಗ್ಗೆ ಮೊದಲು ಹೇಳಬೇಕು. ಮಣ್ಣು ತುಂಬಿ ಊರು ಮಾಡಿ, ನಡುನಡುವೆ ನೀರಿಗೆ ದಾರಿ ಬಿಟ್ಟಿದ್ದಾರೆ. ಕೊಲ್ಲಿಯ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಹೆಚ್ಚಾದರೆ ಪಂಪು ಹಾಕಿ ಹೊರಗೆ ಕಳಿಸುತ್ತಾರೆ. ಎಲ್ಲರೂ ಅದನ್ನು ಲಗೂನು ಅನ್ನುತ್ತಾರೆ. ವೈನಿಯ ಬಾಯಲ್ಲಿ ಅದು ಕಾಲುವಿ. ಬೀದಿಯ ಕಡೆಯಿಂದ ನೋಡಿದರೆ ಮನೆಗಳಿಗೆ ಗ್ಯಾರೇಜಿನ ಬಾಗಿಲು ಬಿಟ್ಟು ಬೇರೆ ಮುಖವೇ ಇಲ್ಲ. ಬದುಕೆಲ್ಲ ಹಿತ್ತಿಲಲ್ಲಿ, ನೀರಿನ ಕಡೆಗೆ. ಪಕ್ಕದ ಮನೆಯವರ ಹೆಸರು ನನಗೆ ಇನ್ನೂ ಗೊತ್ತಿಲ್ಲ, ನೀರಿನಾಚೆಯವರು ಯಾವಾಗ ಕಾಫಿ ಕುಡಿಯುತ್ತಾರೆ ಅನ್ನುವುದು ಗೊತ್ತು. ಕೂಗಿದರೆ ಕೇಳುತ್ತದೆ, ಹೋಗಬೇಕೆಂದರೆ ಕಾರು ತೆಗೆದು ಸೇತುವೆ ಸುತ್ತಬೇಕು. ಇದು ಹತ್ತಿರವೋ ದೂರವೋ, ಇಷ್ಟು ವರ್ಷವಾದರೂ ನನಗೆ ತೀರ್ಮಾನವಾಗಿಲ್ಲ.

ಮನೆ ಕೊಂಡ ಹೊಸದರಲ್ಲಿ ಒಂದು ಸಂಜೆ ಆಚೆ ದಡದಿಂದ ಕನ್ನಡ ಕೇಳಿಸಿತು. ಸೀರೆಯ ಮೇಲೆ ಸ್ವೆಟರು ಹಾಕಿದ ಹೆಂಗಸೊಬ್ಬರು ಹುಲ್ಲಿನ ಮೇಲಿದ್ದ ಬಾತುಗಳ ಹಿಂಡನ್ನು ಅಟ್ಟುತ್ತಿದ್ದರು, ಅದೂ ಬಹುವಚನದಲ್ಲಿ: “ಏಳ್ರಿ, ಹೋಗ್ರಿ ಆ ಕಡೆ. ಎಷ್ಟ ಹೊಲಸ ಮಾಡ್ತೀರಿ.” ನಾನು ಈಚೆಯಿಂದ ನಕ್ಕು, ಆಂಟೀ ಎಂದು ಕೂಗಿದೆ. ಆಂಟಿ ಗೀಂಟಿ ಬೇಡ, ವೈನಿ ಅನ್ನು ಎಂದು ಆಚೆಯಿಂದ ಉತ್ತರ ಬಂತು. ಧಾರವಾಡದ ಕಡೆ ಅತ್ತಿಗೆಗೆ ಹಾಗೆ ಅನ್ನುತ್ತಾರಂತೆ. ಮೈಸೂರಿನ ನನಗೆ ಅಲ್ಲಿಂದ ಒಬ್ಬ ಅತ್ತಿಗೆ ಹಾಗೆ ಸಿಕ್ಕಿದರು.

ಅವರ ಹಿಂದೆ, ನೀರಿನ ಅಂಚಿಗೆ ಕಟ್ಟಿದ ಹಲಗೆಯ ಜಗಲಿಯ ಮೇಲೆ, ಕುರ್ಚಿಯಲ್ಲಿ ಕಂದು ಜಾಕೆಟ್ಟು, ಉಣ್ಣೆ ಟೋಪಿ, ಮಫ್ಲರು. ಯಜಮಾನರು ಎಂದುಕೊಂಡೆ. ಹೆಂಡತಿ ಬಾತು ಅಟ್ಟುತ್ತ ಓಡಾಡುತ್ತಿದ್ದರೆ ಈ ಪುಣ್ಯಾತ್ಮ ಕೂತಲ್ಲಿಂದ ಏಳುವುದಿಲ್ಲವಲ್ಲ ಎಂದು ಸಿಟ್ಟೂ ಬಂತು. ಆದರೂ ಮರ್ಯಾದೆಗೆ ಕೈ ಬೀಸಿದೆ. ಆಮೇಲೆ ದಿನಾ ಸಂಜೆ ಬೀಸುವುದೇ ಅಭ್ಯಾಸವಾಯಿತು. ಮಧ್ಯಾಹ್ನದ ಊಟದ ಮೇಲೆ ಅವರು ಕೂತಿರುತ್ತಿದ್ದರು, ದೀಪ ಹಚ್ಚುವ ಹೊತ್ತಿಗೆ ಕುರ್ಚಿ ಖಾಲಿಯಾಗಿರುತ್ತಿತ್ತು. ನಿಮ್ಮ ಯಜಮಾನರು ಒಂದು ದಿನವೂ ಕೈ ಬೀಸಲ್ಲವಲ್ಲ ಎಂದು ಒಮ್ಮೆ ಗ್ರೋಸರಿ ಅಂಗಡಿಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. ವೈನಿ ಕೊತ್ತಂಬರಿ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಅವರು ಮೊದಲಿನಿಂದಲೂ ಮಾತು ಕಡಿಮೆ ಎಂದರು.

ಮರುವರ್ಷದ ಗೌರಿ ಹಬ್ಬಕ್ಕೆ ವೈನಿಯನ್ನು ಅರಿಸಿನ ಕುಂಕುಮಕ್ಕೆ ಕರೆದೆ. ಮುತ್ತೈದೆಯರನ್ನು ಕರೆಯುವ ದಿನ; ಯಜಮಾನರು ಕಣ್ಣೆದುರಿಗೇ ಕೂತಿದ್ದ ಮೇಲೆ ನನಗೆ ಬೇರೆ ಯೋಚನೆ ಬರಲು ಕಾರಣವೇ ಇರಲಿಲ್ಲ. ವೈನಿ ಬಂದರು. ಬಂದವರು ಸಭೆಯನ್ನೇ ಗೆದ್ದರು. ಅವರ ಕಡೆ ಇಂಥ ದಿನ ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುತ್ತಾರೆ, ಒಡಪು ಅಂತ. ಮಿಕ್ಕ ದಿನಗಳಲ್ಲಿ ‘ಅವರು’ ಎಂದಷ್ಟೇ ಅನ್ನುತ್ತಿದ್ದ ವೈನಿ ಅಂದು ಸೆರಗು ಸರಿಮಾಡಿಕೊಂಡು ಹೇಳಿದರು:

“ಹಿತ್ತಲದಾಗ ಕಾಲುವಿ ನೀರು, ಅಂಗಳದಾಗ ಎರಡು ಕಾರು, ನಮ್ಮ ... ರಾಯರನ್ನ ಬಿಟ್ರ ನನಗ ಇನ್ಯಾರು.”

ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಅದಕ್ಕೆ ಕಾರಣವಿದೆ.

ಅದೇ ವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಗಾಳಿ ವಿಪರೀತ ಬೀಸಿತು. ನಾನು ಪಾತ್ರೆ ತೊಳೆಯುತ್ತ ಕಿಟಕಿಯಲ್ಲಿ ನೋಡುತ್ತಿದ್ದಂತೆ ಕುರ್ಚಿ ವಾಲಿತು, ಕೂತವರು ಮುಖ ಅಡಿಯಾಗಿ ನೀರಿಗೆ ಬಿದ್ದರು. ಮನೆಯಲ್ಲೇ ಆಫೀಸು ಮಾಡುತ್ತಿದ್ದ ನನ್ನವರು ನನ್ನ ಕೂಗು ಕೇಳಿ ಮೀಟಿಂಗು ಬಿಟ್ಟು ಬಂದು ಆಂಬುಲೆನ್ಸು ಕರೆಯಲು ಫೋನು ತೆಗೆದರು. ನಾನು ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿ ಸೇತುವೆ ಸುತ್ತಿದೆ. ಹೋಗಿ ನೋಡಿದರೆ ವೈನಿ ಹಲಗೆಯ ಮೇಲೆ ಮಂಡಿಯೂರಿ, ಉದ್ದ ಕೋಲಿನಿಂದ ಬರೀ ಜಾಕೆಟ್ಟನ್ನು ದಡಕ್ಕೆ ಎಳೆಯುತ್ತಿದ್ದರು. ಒಳಗೆ ತುಂಬಿದ್ದ ದಿಂಬುಗಳು ತೇಲುತ್ತಿದ್ದವು. ನಾನು ಅವುಗಳ ಮಧ್ಯೆ ಇನ್ನೂ ಮನುಷ್ಯನನ್ನೇ ಹುಡುಕುತ್ತಿದ್ದೆ. ಅಷ್ಟರಲ್ಲಾಗಲೇ ನನ್ನವರಿಗೆ ಫೋನು ಮಾಡಿ, ಯಾರನ್ನೂ ಕರೆಯಬೇಡಿ ಎಂದದ್ದು ಕೂಡ ವೈನಿಯೇ.

ಆಮೇಲೆ ನನ್ನನ್ನು ಒಳಗೆ ಕೂರಿಸಿ ಚಹ ಕೊಟ್ಟರು. ಯಜಮಾನರು ನಾವು ಈ ಊರಿಗೆ ಬರುವ ಮೊದಲೇ ತೀರಿಕೊಂಡಿದ್ದರು. ಬಾತುಗಳು ಹೆದರಲಿ ಎಂದು ಅವರ ಜಾಕೆಟ್ಟಿಗೆ ದಿಂಬು ತುಂಬಿ ಕೂರಿಸಿದ್ದು. ಬಾತುಗಳಿಗೆ ನಾಲ್ಕೇ ದಿನಕ್ಕೆ ತಿಳಿದುಹೋಯಿತಂತೆ. ತಿಳಿಯದೆ ಉಳಿದವಳು ನಾನೊಬ್ಬಳು.

“ನೀ ಕೈ ಬೀಸಿದಿ. ಮರುದಿನಾನೂ ಬೀಸಿದಿ. ನಾ ಹೆಂಗ ಹೇಳ್ಲಿ?” ಎಂದರು ವೈನಿ. “ಕುಂಕುಮಕ್ಕ ಕರದಿ. ಎಲ್ಲಾರ ಮುಂದ ಅವರ ಹೆಸರ ಬಾಯಿತುಂಬ ಹೇಳಾಕ ಇನ್ನೆಲ್ಲಿ ಸಿಗತಿತ್ತವಾ ನನಗ? ಈಗ ನಿನಗ ಗೊತ್ತಾತು. ಮುಂದ ಕರೀಬೇಕೋ ಬಿಡಬೇಕೋ, ನೀನ ನೋಡು.”

ಮುಂದಿನ ಗೌರಿ ಹಬ್ಬದ ತನಕ ನನಗೆ ಅದೇ ಚಿಂತೆ. ಕರೆದರೆ ಶಾಸ್ತ್ರಕ್ಕೆ ವಿರೋಧ. ಕರೆಯದಿದ್ದರೆ ಅವರಿಗೆ ಆ ಹೆಸರು ಹೇಳುವ ಜಾಗವೇ ಇಲ್ಲ. ಶಾಸ್ತ್ರವನ್ನು ನಾನು ಎಷ್ಟು ನಂಬುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಸಾಲದ್ದಕ್ಕೆ ಆ ಸಲ ಮೈಸೂರಿನಿಂದ ಅತ್ತೆ ಬಂದಿದ್ದರು, ಇಂಥ ವಿಷಯದಲ್ಲಿ ಬಿಗಿ. ಹಬ್ಬದ ಹಿಂದಿನ ಸಂಜೆ ಹಿತ್ತಿಲಿಗೆ ಹೋದೆ. ಜಾಕೆಟ್ಟು ಒಣಗಿ ಮತ್ತೆ ಕುರ್ಚಿಯಲ್ಲಿ ಕೂತಿತ್ತು. ಅಭ್ಯಾಸಬಲದಿಂದ ಕೈ ಮೇಲೆದ್ದಿತು. ಎದ್ದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ನಾಳೆ ಬನ್ನಿ ವೈನೀ ಎಂದು ಕೂಗಿಬಿಟ್ಟೆ.

ಬಂದರು. ಕುಂಕುಮದ ಬಟ್ಟಲು ಅವರ ಮುಂದೆ ಹಿಡಿದಾಗ ನನ್ನ ಮುಖ ನೋಡಿದರು. ನಾನು ಬಟ್ಟಲನ್ನು ಇನ್ನಷ್ಟು ಹತ್ತಿರ ಹಿಡಿದೆ. ಹಚ್ಚಿಕೊಂಡರು, ಒಡಪು ಹೇಳಿದರು, ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು. ಆಗ ಅತ್ತೆ, ನಿಮ್ಮ ಯಜಮಾನರನ್ನೂ ಊಟಕ್ಕೆ ಕರೆತರಬಹುದಿತ್ತಲ್ಲ ಎಂದರು. ವೈನಿ ಕೈಯಲ್ಲಿದ್ದ ತಾಂಬೂಲದ ತಟ್ಟೆಯನ್ನು ಕೆಳಗಿಟ್ಟರು. ಕಿಟಕಿ ನನ್ನ ಪಕ್ಕದಲ್ಲೇ ಇತ್ತು.

“ಅಲ್ಲೇ ಕೂತಿದ್ದಾರೆ ನೋಡಿ ಅತ್ತೆ. ಅವರು ಎಲ್ಲಿಗೂ ಬರಲ್ಲ” ಎಂದೆ.

ಅತ್ತೆ ಕನ್ನಡಕ ಏರಿಸಿ, ಆಚೆ ದಡಕ್ಕೆ ಕೈ ಮುಗಿದರು. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ... ನಾನು ಮಾಡಿದ್ದು ಸರಿಯೋ ತಪ್ಪೋ, ಸತ್ತವರ ಮರ್ಯಾದೆಯೋ ಅಣಕವೋ ನನಗೆ ಆಗಲೂ ತಿಳಿಯಲಿಲ್ಲ. ವೈನಿ ಮಾತ್ರ ತಟ್ಟೆಯನ್ನು ಮತ್ತೆ ಎತ್ತಿಕೊಂಡರು.

ಆಮೇಲೆ ಕೆಲವು ವರ್ಷಕ್ಕೆ ವೈನಿ ಮನೆ ಮಾರಿ ಟೆಕ್ಸಾಸಿನ ಮಗಳ ಮನೆಗೆ ಹೊರಟರು. ಹೋಗುವ ಮುಂಚೆ ಈ ಚೀಲ ತಂದುಕೊಟ್ಟು, ಅಲ್ಲಿ ನೀರಿಲ್ಲ, ಅವರಿಗೆ ಬೇಸರವಾಗುತ್ತದೆ, ಇಲ್ಲೇ ಇರಲಿ ಎಂದರು. ನಾನು ಗ್ಯಾರೇಜಿನಲ್ಲಿಟ್ಟು ಮರೆತಿದ್ದೆ. ಕಳೆದ ತಿಂಗಳು ವೈನಿಯ ಮಗಳು ಫೋನು ಮಾಡಿ, “ಅವ್ವ ಹೋದಳು” ಎಂದಳು.

ಹೋದ ವಾರ ಜಾಕೆಟ್ಟಿಗೆ ನಮ್ಮ ಮನೆಯ ದಿಂಬು ತುಂಬಿ, ಟೋಪಿಯಿಟ್ಟು, ನಮ್ಮ ಹಿತ್ತಿಲಿನ ಕುರ್ಚಿಯಲ್ಲಿ ಕೂರಿಸಿದೆ. ಸಂಜೆ ಕಿಟಕಿಯಲ್ಲಿ ನಿಂತಿದ್ದಾಗ ವೈನಿಯ ಮನೆಗೆ ಬಂದ ಹೊಸ ಹೆಂಗಸು, ಯಾವ ದೇಶದವಳೋ, ಹಲಗೆಯ ತುದಿಗೆ ಬಂದು ಆ ಕಡೆಯಿಂದ ಕೈ ಬೀಸಿದಳು. ಹೊರಗೆ ಹೋಗಿ ಹೇಳಲೋ ಬೇಡವೋ ತೋಚದೆ ನಿಂತೇ ಇದ್ದೆ. ಒಡಪು ತಾನಾಗಿ ಬಾಯಿಗೆ ಬಂತು, ಹಿತ್ತಲದಾಗ ಕಾಲುವಿ ನೀರು, ಅಂಗಳದಾಗ ಎರಡು ಕಾರು... ಹೆಸರಿನ ಹತ್ತಿರ ಬಂದು ನಿಂತುಹೋಯಿತು. ಹೆಸರು ನನಗೆ ಗೊತ್ತು. ಅದನ್ನು ಹೇಳುವವರು ಹೋಗಿಬಿಟ್ಟರು.