ಐಸ್ ಫ್ಯಾಕ್ಟರಿಯಲ್ಲಿ ಕೆಂಪಾದ ಅರಿಶಿನ

ವಿಜಯದಶಮಿಯ ಮರುದಿನ ಬೆಳಿಗ್ಗೆ ಎಂಟಕ್ಕೆ ತ್ಯಾಗರಾಜನಗರದಲ್ಲಿ ಬಸ್ಸು ಹತ್ತಿದೆ. ಹೆಂಗಸರಿಗೆ ಪುಕ್ಕಟೆ, ಕಂಡಕ್ಟರ್ ಶೂನ್ಯ ಟಿಕೆಟ್ ಕೊಟ್ಟರು. ಹೊರಟಿದ್ದು ಬಿನ್ನಿಪೇಟೆಯ ಐಸ್ ಫ್ಯಾಕ್ಟರಿಗೆ. ಅಲ್ಲಿ ಮಷೀನ್ ನೋಡಿಕೊಳ್ಳುವ ಮಂಜುನಾಥ ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕೆಮಿಸ್ಟ್ರಿ ಕಲಿತವನು. ಹಿಂದಿನ ಸಂಜೆ ಫೋನ್ ಮಾಡಿದ್ದ.

"ಐಸ್ ಮಷೀನಿನ ಅಮೋನಿಯಾ ಗ್ಯಾಸ್ ವಾಸನೆ ಜಾಸ್ತಿ ಆಗಿದೆ ಮೇಡಂ. ನನ್ನ ಮಾತು ಯಾರೂ ಕೇಳ್ತಿಲ್ಲ. ಗೋಡೆ ಆಚೆ ಅಂಗನವಾಡಿ ಇದೆ."

ಮಾತು ಕೇಳದವರನ್ನೇ ಮೂವತ್ತು ವರ್ಷ ಮೇಯಿಸಿದವಳು ನಾನು. ಹೋಗದೆ ಇರುತ್ತೇನೆಯೇ?

ಚಾಮರಾಜಪೇಟೆಯಲ್ಲಿ ಇಳಿದು, ನಿಂತೇ ಎರಡು ಇಡ್ಲಿ ತಿಂದು ಆಟೊ ಹಿಡಿದೆ. ಮೋಡ ಕವಿದಿತ್ತು. ದಾರಿಯುದ್ದಕ್ಕೂ ಆಯುಧಪೂಜೆಗೆ ಒಡೆದ ಬೂದುಗುಂಬಳ, ಬಾಡಿದ ಬಾಳೆಕಂದು. ಡ್ರೈವರ್ ತಿರುವಿನಲ್ಲೇ ನಿಲ್ಲಿಸಿದ. "ಮುಂದೆ ಕಣ್ಣು ಉರಿಯುತ್ತೆ ಅಮ್ಮ, ಇಲ್ಲೇ ಇಳ್ಕೊಳ್ಳಿ." ಬೀದಿಗೆಲ್ಲ ಗೊತ್ತಿದ್ದದ್ದು ಫ್ಯಾಕ್ಟರಿಗೆ ಗೊತ್ತಿರಲಿಲ್ಲ.

ಮಷೀನ್ ರೂಮಿನ ಬಾಗಿಲಲ್ಲಿ ನಿಂತು ನೋಡಿದೆ. ಪೈಪಿನ ಪ್ರತಿ ಜಾಯಿಂಟಿಗೂ ಪೂಜೆಯ ಅರಿಶಿನದ ಪಟ್ಟೆ. ಒಂದು ವಾಲ್ವಿನ ಬುಡದಲ್ಲಿ ಮಾತ್ರ ಕೆಂಪು.

"ಅದೊಂದಕ್ಕೆ ಕುಂಕುಮ ಹಚ್ಚಿದ್ರಾ?"

"ಇಲ್ಲ ಮೇಡಂ, ಎಲ್ಲಕ್ಕೂ ಅರಿಶಿನಾನೇ. ನಾನೇ ಹಚ್ಚಿದ್ದು," ಎಂದ ಮಂಜುನಾಥ. ಆರತಿ ನೀರಿನ ಅರಿಶಿನ ಸುಣ್ಣ ಬಿದ್ದರೆ ಕೆಂಪಾಗುವ ಹಾಗೆ ಅಮೋನಿಯಾ ತಾಗಿದರೂ ಕೆಂಪಾಗುತ್ತದೆ; ಸೋರುತ್ತಿದ್ದದ್ದು ಅಲ್ಲೇ. ಗೋಡೆಯ ಗ್ಯಾಸ್ ಅಲಾರಂ ಸತ್ತು ಕೂತಿತ್ತು. ಸಾಂಬ್ರಾಣಿ ಹೊಗೆಗೆ ಎಲ್ಲಿ ಕೂಗಿಕೊಳ್ಳುವುದೋ ಎಂದು ಪೂಜೆಗೆ ಮುಂಚೆ ಆಫ್ ಮಾಡಿದವರು ಮತ್ತೆ ಹಾಕಿರಲಿಲ್ಲ. ಯಜಮಾನರನ್ನು ಕರೆಸಲು ಹೇಳಿದೆ.

ಹಣೆತುಂಬ ವಿಭೂತಿ ಧರಿಸಿದ ಯಜಮಾನರು ಬಂದರು. "ಐಸ್ ಫ್ಯಾಕ್ಟರಿ ಅಂದ್ಮೇಲೆ ವಾಸನೆ ಇದ್ದೇ ಇರುತ್ತೆ. ಮದುವೆ ಆರ್ಡರ್ ಇದೆ, ಸೋಮವಾರ ನೋಡೋಣ. ಕೇಳೋಕೆ ನೀವ್ಯಾರು?"

"ಯಾರೂ ಅಲ್ಲ, ಮೂಗು ಇರೋಳು. ಈಗ್ಲೇ ನಿಲ್ಸಿ. ಇಲ್ಲಾಂದ್ರೆ ಆ ಅಂಗನವಾಡಿ ಮಕ್ಕಳನ್ನೆಲ್ಲ ನಾನೇ ರಸ್ತೆಗೆ ಕರ್ಕೊಂಡ್ ಬರ್ತೀನಿ. ಯಾಕೆ ಅಂತ ಅವರ ಅಮ್ಮಂದಿರಿಗೆ ನೀವೇ ಹೇಳಿ."

ಮಂಜುನಾಥ ಯಜಮಾನರ ಮುಖ ನೋಡಲೇ ಇಲ್ಲ. ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ಮಷೀನ್ ನಿಲ್ಲಿಸಿದ. ಸೋರುವ ಜಾಗದ ಎರಡೂ ಕಡೆಯ ವಾಲ್ವ್ ಮುಚ್ಚಿದ. ಗದ್ದಲ ಅಡಗಿತು. ಗೋಡೆಯಾಚೆಯಿಂದ ಸಣ್ಣ ದನಿಗಳು ಕೇಳಿದವು: ಒಂದು, ಎರಡು, ಮೂರು...

"ಇಷ್ಟು ಹತ್ರಾನಾ?" ಎಂದರು ಯಜಮಾನರು. ಆಮೇಲೆ ಅವರೇ ಫಿಟ್ಟರ್‌ಗೆ ಫೋನ್ ಮಾಡಿದರು.

ಹೊಸ ವಾಲ್ವ್ ಕೂತು, ಅಲಾರಂ ಒಮ್ಮೆ ಕೂಗಿ ತೋರಿಸಿ, ಮಷೀನ್ ಓಡಿಸಿದ ಮೇಲೆ ಆ ವಾಲ್ವಿನ ಬುಡಕ್ಕೆ ನಾನೇ ಕಲಸಿ ಹಚ್ಚಿದ ಅರಿಶಿನ ಒಂದು ಗಂಟೆ ಹಳದಿಯಾಗಿಯೇ ಉಳಿಯುವವರೆಗೂ ಗೇಟಿನ ಸ್ಟೂಲ್ ಬಿಟ್ಟು ಏಳಲಿಲ್ಲ.

ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹಳದಿ ಬೆರಳು ನೋಡಿ, "ಹಬ್ಬ ಇನ್ನೂ ಮುಗ್ದಿಲ್ವಾ ಅಮ್ಮ?" ಎಂದರು.

"ಈಗ ಮುಗೀತು," ಎಂದೆ.